ಎರಡನೆಯ ತೂತು

ಇಳಕಲ್ ಪೇಟೆಯ ಕಿರಾಣಿ ಅಂಗಡಿಯಲ್ಲಿ ಎಣ್ಣೆ ಡಬ್ಬಿ ಒಡೆಯುವುದನ್ನು ನೋಡಿದ್ದೀರಾ? 15 ಕಿಲೋದ ತಗಡಿನ ಡಬ್ಬಿ. ಅಂಗಡಿಯವರು ಒಂದು ಮೂಲೆಗೆ ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಆಮೇಲೆ ಡಬ್ಬಿ ತಿರುಗಿಸಿ ಎದುರು ಮೂಲೆಗೆ ಇನ್ನೊಂದು ಏಟು. ಮೊದಲನೆಯ ತೂತು ಎಣ್ಣೆಗೆ, ಎರಡನೆಯದು ಗಾಳಿಗೆ. ಅದೊಂದು ಇಲ್ಲದಿದ್ದರೆ ಎಣ್ಣೆ ಧಾರೆಯಾಗಿ ಇಳಿಯುವುದಿಲ್ಲ, ಬಿಕ್ಕಳಿಸಿ ಬಿಕ್ಕಳಿಸಿ ಅಳತೆ ಪಾತ್ರೆಯ ಆಚೆ ಚೆಲ್ಲುತ್ತದೆ. ಇದನ್ನು ಅವರಿಗೆ ಯಾವ ಶಾಲೆಯೂ ಕಲಿಸಿಲ್ಲ.

ಮರೋಳದ ನಮ್ಮ ಹಳೆಯ ಮನೆಯಲ್ಲಿ ಇಪ್ಪತ್ತು ವರ್ಷ ಹೀಗೆ ಬಿಕ್ಕಳಿಸಿದ್ದು ಬಚ್ಚಲು. ಮೇಲಿನ ಕೋಣೆಯ ಪಾಯಖಾನೆಗೆ ಯಾರಾದರೂ ಒಂದು ಬಕೆಟ್ ನೀರು ಸುರುವಿದರೆ ಸಾಕು, ಕೆಳಗಿನ ಬಚ್ಚಲ ಜಾಲರಿ 'ಗುಳುಕ್' ಅನ್ನುತ್ತಿತ್ತು. ಹಿಂದೆಯೇ ವಾಸನೆ. ಅವ್ವ ಫಿನಾಯಿಲ್ ಸುರುವುತ್ತಿದ್ದಳು, ಕಾಕು ಡಾಂಬರು ಗುಳಿಗೆ ಇಡುತ್ತಿದ್ದಳು, ಅಣ್ಣ ಬಾಗಲಕೋಟೆಯಿಂದ ಮಲ್ಲಿಗೆ ವಾಸನೆಯ ಸ್ಪ್ರೇ ತರುತ್ತಿದ್ದ. ಮಲ್ಲಿಗೆಯೂ ಗಟಾರವೂ ಕೂಡಿದ ವಾಸನೆ ಬರೀ ಗಟಾರದ ವಾಸನೆಗಿಂತ ಕೆಟ್ಟದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಕಾ ಮಾತ್ರ ತಲೆ ಕೆಡಿಸಿಕೊಂಡವರಲ್ಲ. "ಅಮಾಸಿ ಮುಂದ ಹಿಂಗ ಆಕ್ಕೈತಿ" ಎಂದು ಪಡಸಾಲೆಗೆ ಹೋಗಿ ಕೂರುತ್ತಿದ್ದರು.

ಮನೆ ಕಟ್ಟಿದ ಕಾಲಕ್ಕೆ ಈ ತಕರಾರು ಇರಲಿಲ್ಲ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬಚ್ಚಲೆಂದರೆ ಅಡುಗೆಮನೆಯ ಹಿಂದೆ ಒಂದು ಹಾಸುಗಲ್ಲು, ಒಂದು ಹಂಡೆ, ಗೋಡೆಯ ಬುಡದಲ್ಲಿ ಒಂದು ಕಿಂಡಿ. ಜಳಕದ ನೀರು ಆ ಕಿಂಡಿಯಿಂದ ಹೊರಗೆ ಹರಿದು ಹಿತ್ತಲ ಬಾಳೆಗೋ ಕರಿಬೇವಿಗೋ ಹೋಗುತ್ತಿತ್ತು. ತೆರೆದ ಕಾಲುವೆ, ಉದ್ದಕ್ಕೂ ಗಾಳಿಯೇ ಗಾಳಿ. ಇಂಥ ದಾರಿಗೆ ಬೇರೆ ತೂತು ಬೇಕಿಲ್ಲ. ಪಾಯಖಾನೆ ಮನೆಯೊಳಗೆ ಇರಲೇ ಇಲ್ಲವಾದ್ದರಿಂದ ಆ ಮಾತೇ ಹುಟ್ಟುತ್ತಿರಲಿಲ್ಲ. ಮನೆ ಉಸಿರಾಡುವುದಕ್ಕೂ ಅದರದೇ ಏರ್ಪಾಡಿತ್ತು: ಮಾಳಿಗೆಯಲ್ಲಿ ಬೆಳಕಿಂಡಿ. ಬೆಳಕು ಇಳಿಯುತ್ತಿತ್ತು, ಒಲೆಯ ಹೊಗೆ ಏರುತ್ತಿತ್ತು.

ಆಮೇಲೆ ಎಲ್ಲ ಮುಚ್ಚುತ್ತ ಬಂದೆವು. ಕಾಲುವೆ ಹೋಗಿ ಪೈಪು ಬಂತು, ಬಯಲು ಹೋಗಿ ಕೋಣೆ ಬಂತು, ಹಿತ್ತಲಲ್ಲಿ ಸೆಪ್ಟಿಕ್ ಗುಂಡಿ ಬಂತು. ಒಳ್ಳೆಯದೇ ಆಯಿತು, ಕತ್ತಲಾಗುವುದನ್ನು ಕಾಯುತ್ತಿದ್ದ ಹೆಣ್ಣುಮಕ್ಕಳನ್ನು ಕೇಳಿದರೆ ಎಷ್ಟು ಒಳ್ಳೆಯದಾಯಿತು ಎಂದು ಅವರೇ ಹೇಳಿಯಾರು. ಆದರೆ ಕಾಲುವೆಯನ್ನು ಮುಚ್ಚಿ ಪೈಪು ಮಾಡಿದವರು ಎಣ್ಣೆ ಡಬ್ಬಿಯ ಎರಡನೆಯ ತೂತನ್ನು ಮರೆತರು. ನಮ್ಮ ಮನೆಯಲ್ಲಿ ಮಾತ್ರವಲ್ಲ, ನಾನು ನೋಡಿದ ಹತ್ತಾರು ಮನೆಗಳಲ್ಲಿ.

ಹೋದ ಚಳಿಗಾಲದಲ್ಲಿ ಕೊನೆಗೂ ಬಚ್ಚಲು ಅಗೆಸುವುದೆಂದಾಯಿತು. ಬಂದ ಗೌಂಡಿ ವಯಸ್ಸಾದವರು, ಮಾತು ಕಡಿಮೆ. ಮೊದಲ ದಿನ ಒಂದು ಹಾರೆಯನ್ನೂ ಎತ್ತಲಿಲ್ಲ. ನನ್ನನ್ನು ಮೇಲೆ ಕಳಿಸಿ ನೀರು ಸುರುವಲು ಹೇಳಿ, ತಾವು ಕೆಳಗಿನ ಜಾಲರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಿವಿಗೊಟ್ಟರು. "ಇನ್ನೊಮ್ಮಿ ಹಾಕ್ರಿ" ಅಂದರು. ಮೂರನೆಯ ಬಕೆಟ್ಟಿಗೆ ಎದ್ದು ನಿಂತು, "ಪೈಪ್ ಏನೂ ಕಟ್ಟಿಲ್ರಿ. ಉಸುರು ಕಟ್ಟೈತಿ" ಅಂದರು.

ಅದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಾಲರಿಯ ಕೆಳಗೆ ಒಂದು ಬಟ್ಟಲಿನಂಥ ಸಾಮಾನು ಇರುತ್ತದೆ. ಅಂಗಡಿಯಲ್ಲಿ ಅದರ ಹೆಸರು ನಹಾನಿ ಟ್ರ್ಯಾಪ್. ನಹಾನಿ ಎಂಬುದು ಯಾವುದೋ ಕಂಪನಿ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಮರಾಠಿಯಲ್ಲಿ ನ್ಹಾಣಿ ಎಂದರೆ ಜಳಕದ ಮನೆ, ಅಷ್ಟೇ. ಈ ಬಟ್ಟಲಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು. ಆ ನೀರೇ ಬಾಗಿಲು. ಮೇಲಿನಿಂದ ಬಂದ ನೀರನ್ನು ಒಳಗೆ ಬಿಡುತ್ತದೆ, ಒಳಗಿನ ಗಾಳಿಯನ್ನು ಮೇಲೆ ಬಿಡುವುದಿಲ್ಲ. ಒಳ್ಳೆಯ ಟ್ರ್ಯಾಪಿನಲ್ಲಿ ಈ ನೀರಿನ ಬಾಗಿಲು 50 ಮಿಲಿಮೀಟರ್, ಎರಡು ಇಂಚು ಆಳ. ಹಳ್ಳಿಯ ಸಾದಾ ಪಾಯಖಾನೆಗಳ ಬಾಗುಪೈಪಿನಲ್ಲಿ ಬರೀ 20 ಮಿಲಿಮೀಟರ್, ಕಡಿಮೆ ನೀರಿಗೇ ತೊಳೆದುಹೋಗಲಿ ಎಂದು. 1775ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಪಾಯಖಾನೆಯ ಪೈಪನ್ನು ಹಾವಿನಂತೆ ಬಾಗಿಸಿ ನೀರು ನಿಲ್ಲಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಇನ್ನೂರೈವತ್ತು ವರ್ಷದಿಂದ ಜಗತ್ತಿನ ಬಚ್ಚಲುಗಳು ಆ ಎರಡು ಇಂಚು ನೀರನ್ನೇ ನಂಬಿಕೊಂಡಿವೆ.

ಈಗ ಮೇಲಿನಿಂದ ಒಂದು ಬಕೆಟ್ ನೀರು ಒಮ್ಮೆಲೇ ಪೈಪಿಗೆ ಬಿತ್ತು ಅನ್ನಿ. ಅದು ಪೈಪಿನ ಬಾಯಿ ತುಂಬ ಇಳಿಯುತ್ತದೆ, ಬಾಗಲಕೋಟೆಯ ಹೋಳಿಯ ಪಿಚಕಾರಿಯೊಳಗಿನ ದಂಡದ ಹಾಗೆ. ದಂಡ ಎಳೆದರೆ ಹಿಂದೆ ಬಣ್ಣ ಏರುತ್ತದಲ್ಲ, ಹಾಗೆಯೇ ಇಳಿಯುವ ನೀರು ತನ್ನ ಹಿಂದೆ ಗಾಳಿಯನ್ನು ಎಳೆಯುತ್ತದೆ. ಪೈಪಿನ ತುದಿ ಆಕಾಶಕ್ಕೆ ತೆರೆದಿದ್ದರೆ ಅಲ್ಲಿಂದ ಗಾಳಿ ಬರುತ್ತದೆ, ಕತೆ ಮುಗಿಯಿತು. ತುದಿ ಮುಚ್ಚಿದ್ದರೆ? ಎಲ್ಲಿ ಸುಲಭವೋ ಅಲ್ಲಿಂದ ಎಳೆದುಕೊಳ್ಳುತ್ತದೆ. ಸುಲಭವಾದದ್ದು ಆ ಎರಡು ಇಂಚು ನೀರು. 'ಗುಳುಕ್' ಎಂದದ್ದು ಅದೇ. ಬಾಗಿಲನ್ನೇ ಕಿತ್ತುಕೊಂಡು ಹೋದ ಮೇಲೆ ಸೆಪ್ಟಿಕ್ ಗುಂಡಿಯ ಗಾಳಿ ಮನೆಗೆ ನೇರ ನೆಂಟ. ಮತ್ತೆ ಯಾರೋ ಜಳಕ ಮಾಡಿ ಟ್ರ್ಯಾಪ್ ತುಂಬಿದಾಗ ವಾಸನೆ ನಿಲ್ಲುತ್ತದೆ. ಫಿನಾಯಿಲಿನಿಂದ ನಿಂತಿತು ಎಂದು ಅವ್ವ ನಂಬಿದ್ದಳು. ಫಿನಾಯಿಲ್ ಹಾಕಿ ಅವಳು ಮೇಲೆ ಒಂದು ತಂಬಿಗೆ ನೀರು ಸುರುವುತ್ತಿದ್ದಳಲ್ಲ, ಕೆಲಸ ಮಾಡಿದ್ದು ಆ ತಂಬಿಗೆ ನೀರು.

ಇಷ್ಟನ್ನು ಗೌಂಡಿ ಹೇಳುತ್ತಿದ್ದಾಗ ಕಾಕಾ ಪಡಸಾಲೆಯಿಂದಲೇ ಕೂಗಿದರು: "ಅಂದ್ರ ಏರ್ ಹಿಡದೈತಿ ಅನ್ನು!"

ಅವರು ಒಕ್ಕಲುತನದವರು. ಬೋರಿನ ಪೈಪಿನಲ್ಲಿ ಏರ್ ಹಿಡಿದರೆ ಏನಾಗುತ್ತದೆ, ದಿನ್ನೆಯ ಮೇಲೆ ಪೈಪಿಗೊಂದು ಕೊಂಬು ಯಾಕೆ ನಿಲ್ಲಿಸಬೇಕು ಎಂಬುದು ಅವರಿಗೆ ಹೊಸದಲ್ಲ. ನಮ್ಮೂರಿನ ಹೆಸರು ಹೊರಗಿನವರ ಕಿವಿಗೆ ಬಿದ್ದಿದ್ದರೆ ಅದು ಪೈಪಿನಿಂದಲೇ. ರಾಮಥಾಳ-ಮರೋಳ ಏತ ನೀರಾವರಿಯ ಎರಡನೆಯ ಹಂತದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಹುನಗುಂದ ಸೀಮೆಯ 24 ಸಾವಿರ ಹೆಕ್ಟೇರಿಗೆ, ಅಂದರೆ ಸುಮಾರು 60 ಸಾವಿರ ಎಕರೆಗೆ, ಹನಿಹನಿಯಾಗಿ ಕೊಡುವ ಯೋಜನೆ ಅದು. ಏಷ್ಯಾದಲ್ಲೇ ದೊಡ್ಡದು ಎಂದು ಸುದ್ದಿಯಾಯಿತು. ಯೋಜನೆಯ ಏರುಪೇರಿನ ಮಾತು ಇಲ್ಲಿ ಬೇಡ, ಅದಕ್ಕೆ ಬೇರೆಯೇ ಲೇಖನ ಬೇಕು. ಆದರೆ ನೆಲದಡಿ ಪೈಪು ಹೂಳಿ ನೀರು ಹರಿಸುವ ಇಂಥ ಕೆಲಸದಲ್ಲಿ ಏರುಜಾಗಗಳಲ್ಲೆಲ್ಲ ಏರ್ ವಾಲ್ವ್ ಇರಲೇಬೇಕು. ನೀರು ತುಂಬುವಾಗ ಗಾಳಿ ಹೊರಗೆ, ನೀರು ಖಾಲಿಯಾಗುವಾಗ ಗಾಳಿ ಒಳಗೆ. ಹೊಲದ ಪೈಪಿಗೆ ಮೂಗು ಬೇಕು ಎಂದು ಗೊತ್ತಿದ್ದ ಊರಿನಲ್ಲಿ ಮನೆಯ ಪೈಪಿಗೆ ಮೂಗು ಯಾಕಿಲ್ಲ? ಕಾಕಾನನ್ನು ಕೇಳಿದೆ. "ಹೊಲದಾಗಿನ ಪೈಪು ಬೆಳಿ ಕೊಡತೈತಿ. ಬಚ್ಚಲದಾಗಿಂದು ಏನ್ ಕೊಡತೈತಿ?" ಅಂದರು. ಉತ್ತರ ತಮಾಷೆಯದಾದರೂ ನಿಜ ಅಲ್ಲೇ ಇದೆ. ಒಳಗೆ ಬರುವ ನೀರಿನ ಬಗ್ಗೆ ನಮಗಿರುವ ಕಾಳಜಿಯ ಹತ್ತರಲ್ಲೊಂದು ಪಾಲು ಹೊರಗೆ ಹೋಗುವ ನೀರಿಗಿಲ್ಲ. ನಳ ಬರದಿದ್ದರೆ ಪಂಚಾಯತಿಯ ಮುಂದೆ ಕೊಡ ಹಿಡಿದು ಕೂರುತ್ತೇವೆ. ಬಚ್ಚಲ ನೀರು ಗೋಡೆಯಾಚೆ ಹೋಯಿತೆಂದರೆ ಅದು ನಮ್ಮದಲ್ಲ.

ಪೈಪಿಗೆ ಮೂಗು ಕೊಡುವ ವಿದ್ಯೆ ಈ ಸೀಮೆಗೆ ಹೊಸತೂ ಅಲ್ಲ. ಪಕ್ಕದ ವಿಜಯಪುರಕ್ಕೆ ಹೋದರೆ ಊರಿನೊಳಗೆ ಅಲ್ಲಲ್ಲಿ ಚೌಕನೆಯ ಕಲ್ಲಿನ ಗೋಪುರಗಳು ನಿಂತಿವೆ. ಗಂಜ್ ಎನ್ನುತ್ತಾರೆ. ಗೋಳಗುಮ್ಮಟ ನೋಡಲು ಬಂದವರು ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದಲೂ ಬೇಗಂ ತಲಾಬಿನಿಂದಲೂ ಊರಿಗೆ ನೀರು ತಂದಾಗ, ಆ ಸಾಲಿನಲ್ಲಿ ನಡುನಡುವೆ ಈ ಗೋಪುರಗಳನ್ನು ಕಟ್ಟಿಸಿದರು. ಬೇಗಂ ತಲಾಬು 1651ರದು. ಅಲ್ಲಿಂದ ನೀರು ಹರಿದದ್ದು ಗಾರೆಯಲ್ಲಿ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಗೋಪುರದಲ್ಲಿ ನೀರಿನ ಒತ್ತಡ ಇಳಿಯುತ್ತಿತ್ತು, ಕೊಳವೆಯೊಳಗಿನ ಗಾಳಿಗೆ ದಾರಿ ಸಿಗುತ್ತಿತ್ತು, ಹೂಳು ತಳಕ್ಕೆ ಕೂರುತ್ತಿತ್ತು. ಅದು ಕುಡಿಯುವ ನೀರು, ನಮ್ಮದು ಬಚ್ಚಲ ನೀರು ಎಂಬ ಭೇದ ಕೊಳವೆಗೆ ಗೊತ್ತಿಲ್ಲ.

ಎರಡನೆಯ ದಿನ ಹಾರೆ ಎತ್ತಿದರು. ಹಿತ್ತಲು ಅಗೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಬಚ್ಚಲಿನಿಂದ ಗುಂಡಿಯವರೆಗೆ ಹೂಳಿದ್ದು ಸ್ಟೋನ್‌ವೇರ್ ಪೈಪು, ಉಪ್ಪಿನಕಾಯಿ ಭರಣಿಯ ಹಾಗೆ ಮಿರಿಮಿರಿ ಕಂದು ಬಣ್ಣದ್ದು. ಒಂದೊಂದು ತುಂಡು ಎರಡೇ ಅಡಿ. ಎರಡು ಅಡಿಗೊಂದು ಸಿಮೆಂಟ್ ಜೋಡಣೆ. ಪೈಪು ಗಟ್ಟಿಮುಟ್ಟಾಗಿಯೇ ಇತ್ತು. ಜೋಡಣೆಗಳಲ್ಲಿ ಅರ್ಧಕ್ಕರ್ಧ ಬಿರುಕು ಬಿಟ್ಟಿದ್ದವು, ಒಂದರೊಳಗೆ ಬೇವಿನ ಬೇರು ಜಡೆಯ ಹಾಗೆ ಇಳಿದಿತ್ತು. ಗೌಂಡಿ ಬೇರು ಎಳೆದು ತೋರಿಸಿ, "ಎರಿ ಭೂಮಿ ನೋಡ್ರಿ, ಸುಮ್ನ ಕೂಡೂದಿಲ್ಲ" ಅಂದರು.

ಈ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಬೆಂಗಳೂರಿನ ಕೆಂಪು ಮಣ್ಣಿಗೆ ಹೊಂದುವ ಪ್ಲಂಬಿಂಗ್ ಪಾಠ ಹುನಗುಂದದ ಎರೆಗೆ ಹೊಂದುವುದಿಲ್ಲ. ನಮ್ಮ ಕಪ್ಪು ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬ್ಯಾಸಗಿಯಲ್ಲಿ ಹೊಲದ ಬಿರುಕಿನಲ್ಲಿ ಕೈ ಹೋಗುವಷ್ಟು ಸಂದು. ವರ್ಷಕ್ಕೊಮ್ಮೆ ಏಳುವ, ವರ್ಷಕ್ಕೊಮ್ಮೆ ಕೂರುವ ಇಂಥ ನೆಲದೊಳಗೆ ಎರಡು ಅಡಿಗೊಂದು ಗಡುಸು ಸಿಮೆಂಟ್ ಜೋಡಣೆ ಎಷ್ಟು ವರ್ಷ ತಡೆದೀತು? ಪೈಪಿಗೆ ಎರೆ ತಾಗದ ಹಾಗೆ ಕೆಳಗೂ ಬದಿಗೂ ಮರಳು ಇಲ್ಲವೇ ಸಣ್ಣ ಖಡಿ ತುಂಬಬೇಕು. ಜೋಡಣೆ ಸ್ವಲ್ಪ ಅಲುಗಾಡಿದರೂ ಸೋರದ ರಬ್ಬರ್ ರಿಂಗಿನದಿರಬೇಕು. ಅಲ್ಲಿಯೂ ಒಂದು ಸೂಕ್ಷ್ಮ: ಪೈಪನ್ನು ತುದಿ ಮುಟ್ಟುವಂತೆ ತುರುಕಿ, ಆಮೇಲೆ ಸುಮಾರು 10 ಮಿಲಿಮೀಟರ್ ಹಿಂದಕ್ಕೆ ಎಳೆದು ಬಿಡಬೇಕು. ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಉದ್ದವಾಗುತ್ತದೆ, ಅದಕ್ಕೆ ಜಾಗ ಬೇಕು.

ಇದೇ ಮಣ್ಣು ಇಂಗುಗುಂಡಿಯ ಶತ್ರು. ಎರೆ ನೀರು ಕುಡಿಯುವುದು ಬಹಳ ನಿಧಾನ, ಉಬ್ಬಿದ ಮೇಲಂತೂ ಬಾಯಿ ಮುಚ್ಚಿಬಿಡುತ್ತದೆ. ಶ್ರಾವಣದಲ್ಲಿ ಗುಂಡಿ ತುಂಬಿ ಪೈಪಿನಲ್ಲಿ ನೀರು ಹಿಂದಕ್ಕೆ ನಿಲ್ಲುವುದು ಅದಕ್ಕೇ. ಜನ ಪೈಪು ಕಟ್ಟಿತು ಎಂದು ಬಿದಿರು ಗಳ ತುರುಕುತ್ತಾರೆ. ಇಂಥ ನೆಲದಲ್ಲಿ ಸೆಪ್ಟಿಕ್ ಗುಂಡಿಯಿಂದ ಹೊರಟ ನೀರಿಗೆ ಖಡಿ ತುಂಬಿದ ಸೋಸುತೊಟ್ಟಿಯೋ ಉದ್ದನೆಯ ಖಡಿ ಕಾಲುವೆಯೋ ಬೇಕಾಗುತ್ತದೆ. ಜಳಕದ ನೀರನ್ನಂತೂ ಗುಂಡಿಗೆ ಕಳಿಸುವುದೇ ದಡ್ಡತನ. ಹಿಂದಿನವರು ಬಾಳೆಗೆ ಬಿಟ್ಟದ್ದು ಬಡತನದಿಂದಲ್ಲ. ಈ ಮಣ್ಣು ಕುಡಿಯದ ನೀರನ್ನು ಬಾಳೆ ಕುಡಿಯುತ್ತದೆ. ನಮ್ಮ ಹೊಸ ಏರ್ಪಾಡಿನಲ್ಲಿ ಬಚ್ಚಲ ನೀರು ಹೊರಗಿನ ಗಲ್ಲಿ ಟ್ರ್ಯಾಪ್ ದಾಟಿ ಮತ್ತೆ ಬಾಳೆಗೇ ಹೋಗಿದೆ. ಅಜ್ಜನ ಕಾಲದ ದಾರಿಗೆ ಒಂದು ಟ್ರ್ಯಾಪ್ ಹೆಚ್ಚು, ಅಷ್ಟೇ.

ಪೈಪು ಕೊಳ್ಳಲು ಇಳಕಲ್ಲಿಗೆ ಹೋದಾಗ ಅಂಗಡಿಯಲ್ಲಿ ಒಂದೇ ಅಳತೆಯ, ಒಂದೇ ಬಣ್ಣದ ಎರಡು ಪೈಪಿಗೆ ಎರಡು ದರ. ಅಗ್ಗದ್ದೇ ಸಾಕೆಂದು ಅಣ್ಣ ಹೊರಟಿದ್ದ. ಪೈಪಿನ ಮೈಮೇಲಿನ ಮುದ್ರೆ ಓದಿದರೆ ಗುಟ್ಟು ತಿಳಿಯುತ್ತದೆ. ಐಎಸ್ 13592 ಎಂಬ ಮಾನಕದಲ್ಲಿ ಎ ಮತ್ತು ಬಿ ಎಂದು ಎರಡು ಬಗೆ. ತೆಳ್ಳಗಿನ ಎ ಬಗೆ ಗಾಳಿಗೂ ಮಳೆನೀರಿಗೂ. ದಪ್ಪನೆಯ ಬಿ ಬಗೆ ಹೊಲಸು ನೀರಿಗೆ. ಗಾಳಿಪೈಪಿಗೆ ಎ ತಂದೆವು, ಉಳಿದದ್ದಕ್ಕೆ ಬಿ.

ಇಳಿಜಾರಿನ ಲೆಕ್ಕ ಗೌಂಡಿಯ ನಾಲಿಗೆಯ ತುದಿಯಲ್ಲಿತ್ತು: "ಹತ್ತ್ ಅಡಿಗೆ ಎರಡ್ ಇಂಚ್." ನಾಲ್ಕಿಂಚಿನ ಪೈಪಿಗೆ ಪುಸ್ತಕ ಹೇಳುವ 60ಕ್ಕೆ 1 ಅದೇ ಲೆಕ್ಕ. ನೀರು ತುಂಬಿದ ಟ್ಯೂಬು ಹಿಡಿದು ಮಟ್ಟ ನೋಡಿದರು. ತಿರುವಿನಲ್ಲಿ ಒಂದೇ ಮೂಲೆಮಟ್ಟದ ಬೆಂಡು ಹಾಕದೆ ಎರಡು ಅರೆಬೆಂಡು ಹಾಕಿದರು, ಮೇಲೆ ಒಂದು ಬಾಗಿಲ ಬೆಂಡು, ಮುಂದೆ ಎಂದಾದರೂ ಕಟ್ಟಿದರೆ ನೆಲ ಒಡೆಯಬಾರದೆಂದು. ಗೋಡೆಗೆ ಹತ್ತಿದ್ದ ಹಳೆಯ ಸಿಮೆಂಟ್ ಶೀಟಿನ ಪೈಪನ್ನು ಗರಗಸದಿಂದ ಕೊಯ್ಯಲು ಅವರ ಕೈಕೆಳಗಿನ ಹುಡುಗ ಹೊರಟಾಗ ನಾನೇ ತಡೆದೆ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಣದನ್ನು ಕೊಯ್ದರೆ ಏಳುವ ಧೂಳು ಪುಪ್ಪುಸಕ್ಕೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ. ನೀರು ಸುರಿದು ತೋಯಿಸಿ, ಇಡಿಯಾಗಿಯೇ ಬಿಚ್ಚಿ ಇಳಿಸಿದೆವು.

ಗಾಳಿಪೈಪು ಎಲ್ಲಿಂದ ಒಯ್ಯಬೇಕು ಎಂಬುದು ಊಟದ ಹೊತ್ತಿನ ಜಗಳ. ಮಣ್ಣಿನ ಮಾಳಿಗೆಗೆ ತೂತು ಹಾಕಿದರೆ ಮಳೆಗಾಲದಲ್ಲಿ ಸೋರುವುದು ಖಾತ್ರಿ. ಕಾಕಾ ಉಪಾಯ ಸೂಚಿಸಿದರು: "ಬೆಳಕಿಂಡಿ ಐತಲ್ಲ, ಅದರಾಗ ಹಾಯಿಸ್ರಿ." ಕೇಳಲು ಚೆನ್ನಾಗಿತ್ತು. ಆದರೆ ಬೆಳಕಿಂಡಿಯೆಂದರೆ ಮನೆಯ ಮೂಗು. ಗುಂಡಿಯ ಬಾಯನ್ನು ಅದರ ಪಕ್ಕಕ್ಕೇ ತಂದು ಇಟ್ಟಂತಾಗುತ್ತಿತ್ತು. ಕೊನೆಗೆ ಪೈಪು ಹಿಂದಿನ ಗೋಡೆಯ ಹೊರಮೈ ಹಿಡಿದು ಮೇಲೇರಿತು. ಎಷ್ಟು ಎತ್ತರ? ಯಾರೂ ಹತ್ತದ ಮಾಳಿಗೆಯಾದರೆ ಎರಡಡಿ ಮೇಲಿದ್ದರೆ ನಡೆಯುತ್ತದೆ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳು ಮನೆಮಂದಿಯೆಲ್ಲ ಮಲಗುವುದೇ ಮಾಳಿಗೆಯ ಮೇಲೆ. ಹಾಗಾಗಿ ಆಳೆತ್ತರ ಮೀರಿ ಎರಡು ಮೀಟರ್ ಒಯ್ದು, ತುದಿಗೆ ಟೋಪಿ ಹಾಕಿದೆವು. ಟೋಪಿಯ ಕೆಳಗೆ ನೈಲಾನ್ ಜಾಲರಿ. ಈ ಜಾಲರಿಯನ್ನು ಹಲವರು ಬಿಡುತ್ತಾರೆ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ಹೊಲಸು ನೀರಿನಲ್ಲೇ, ಬಾಗಲಕೋಟೆ ಆ ರೋಗದ ಹಳೆಯ ಜಿಲ್ಲೆಗಳಲ್ಲೊಂದು. ತೆರೆದ ಗಾಳಿಪೈಪು ಅದಕ್ಕೆ ಹೆದ್ದಾರಿ.

ಸೆಪ್ಟಿಕ್ ಗುಂಡಿಯ ಕಲ್ಲು ಸರಿಸುವ ದಿನ ಅವ್ವ ಎಲ್ಲರನ್ನೂ ಹಿಂದೆ ಸರಿಸಿದಳು. ಅವಳಿಗೆ ಹಗೇವಿನ ನೆನಪು. ನೆಲದೊಳಗೆ ಜೋಳ ತುಂಬಿಡುವ ಹಗೇವು ತೆಗೆದಾಗ ಯಾರೂ ತಟ್ಟನೆ ಇಳಿಯುತ್ತಿರಲಿಲ್ಲ. ಕಾಳು ಉಸಿರಾಡಿ ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ; ಒಂದು ದಿನ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಸೆಪ್ಟಿಕ್ ಗುಂಡಿಗೂ ಅದೇ ಭಯ ಇರಲಿ, ಆದರೆ ಆ ಕಂದೀಲು ಬೇಡವೇ ಬೇಡ. ಹಗೇವಿನ ಗಾಳಿ ದೀಪ ಆರಿಸುತ್ತದೆ. ಇಲ್ಲಿ ಹುಟ್ಟುವ ಮೀಥೇನ್ ದೀಪದಿಂದ ಹೊತ್ತಿಕೊಳ್ಳುತ್ತದೆ. ಜೊತೆಗೆ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಹೋಯಿತು ಎಂದುಕೊಂಡವರು ಅಲ್ಲೇ ಬೀಳುತ್ತಾರೆ, ಎತ್ತಲು ಇಳಿದವರು ಅವರ ಮೇಲೆ.

ಇಳಿದವರು ಯಾರು ಎಂಬುದೂ ಎಲ್ಲರಿಗೂ ಗೊತ್ತಿರುವುದೇ. ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಆಮೇಲೂ 2010ರಲ್ಲಿ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ತಮ್ಮ ಬದುಕನ್ನು ತೋರಿಸಬೇಕಾಯಿತು. 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಯಾರನ್ನಾದರೂ ಗುಂಡಿಗೆ ಇಳಿಸುವುದು ಅಪರಾಧ. ನಮ್ಮ ಗುಂಡಿಯನ್ನು ಹೀರುವ ಗಾಡಿ ಬಂದು ಖಾಲಿ ಮಾಡಿತು. ಹಿಂದಿನ ಸಲ ಯಾರು ಮಾಡಿದ್ದರು ಎಂದು ಕೇಳಿದೆ. ಅವ್ವ ಉತ್ತರ ಹೇಳಲಿಲ್ಲ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಲಂಡನ್ನಿನ ಹಳೆಯ ಪ್ಲಂಬರುಗಳು ಪೆಪ್ಪರ್‌ಮಿಂಟ್ ಎಣ್ಣೆಯನ್ನು ಮೇಲಿನಿಂದ ಸುರಿದು, ಮನೆಯ ಯಾವ ಮೂಲೆಯಲ್ಲಿ ಅದರ ವಾಸನೆ ಬರುತ್ತದೆ ಎಂದು ಮೂಸುತ್ತಿದ್ದರು. ನಮ್ಮ ಗೌಂಡಿ ಗುಂಡಿಗಿಂತ ಮೊದಲಿನ ಚೇಂಬರನ್ನು ಗುಂಡಿಯಿಂದ ಬೇರ್ಪಡಿಸಿ ಮುಚ್ಚಿಕೊಂಡು, ಅಲ್ಲಿ ಲೋಬಾನದ ಹೊಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲಿನ ಟೋಪಿಯಿಂದ ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು. ಬಚ್ಚಲಲ್ಲಿ ಒಂದೆಳೆಯೂ ಇಲ್ಲ. ಓಣಿಯ ಹುಡುಗರು ಉರುಸು ಎಲ್ಲಿ ಎಂದು ಕೇಳಿಕೊಂಡು ಬಂದರು.

ಒಂದು ಮಾತು ಉಳಿದಿದೆ. ಎಷ್ಟು ಚೆಂದದ ಗಾಳಿಪೈಪು ಇದ್ದರೂ ಟ್ರ್ಯಾಪಿನ ನೀರು ಒಣಗಿದರೆ ಎಲ್ಲ ವ್ಯರ್ಥ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನಕ್ಕೆ ಸಾರ್ಸ್ ತಗಲಿತು. ಸೋಂಕು ಮನೆಯಿಂದ ಮನೆಗೆ ದಾಟಿದ ದಾರಿ ಹುಡುಕಿದವರು ಬೊಟ್ಟು ಮಾಡಿದ್ದು ಬಚ್ಚಲ ನೆಲದ ಒಣಗಿದ ಟ್ರ್ಯಾಪುಗಳ ಕಡೆಗೆ. ನಮ್ಮ ಕಡೆ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಎರಡು ಇಂಚು ನೀರು ಬೇಗನೆ ಆರುತ್ತದೆ. ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗಿ, ಮನೆಗೆ ಬೀಗ ಹಾಕಿ ಹಬ್ಬಕ್ಕೆ ಬರುವವರಿಗೆ ಬಾಗಿಲು ತೆಗೆದೊಡನೆ ಎದುರಾಗುವ ವಾಸನೆ ಇದೇ. ಹೊರಡುವ ದಿನ ಟ್ರ್ಯಾಪಿಗೆ ಒಂದು ತಂಬಿಗೆ ನೀರು, ಅದರ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಹಾಕಿದರೆ ನೀರು ಆರುವುದು ಬಹಳ ತಡವಾಗುತ್ತದೆ.

ಅವ್ವನಿಗೆ ಇದನ್ನು ಹೇಳಿದಾಗ ಅವಳು ಕುಸುಬಿ ಎಣ್ಣೆಯ ಡಬ್ಬಿ ಕಡೆ ನೋಡಿ, "ಬಚ್ಚಲಕ್ಕ ಎಣ್ಣಿ?" ಅಂದಳು. ಫಿನಾಯಿಲ್ ಬಾಟಲಿ ಇನ್ನೂ ಗೂಡಿನಲ್ಲೇ ಇದೆ. ಕಾಕಾ ಈ ಬ್ಯಾಸಗಿ ಮಾಳಿಗೆಯ ಮೇಲೆ ತಮ್ಮ ಹಾಸಿಗೆಯನ್ನು ಪೈಪಿನ ಹತ್ತಿರದಿಂದ ಬೇವಿನ ಗಿಡದ ಬದಿಗೆ ಎಳೆದುಕೊಂಡಿದ್ದಾರೆ. ವಾಸನೆ ಬರುತ್ತದೆಯೇ ಎಂದು ಕೇಳಿದೆ. "ಇಲ್ಲಪಾ, ಏನೂ ಬರೂದಿಲ್ಲ" ಅಂದರು, ಹಾಸಿಗೆಯನ್ನು ಇನ್ನಷ್ಟು ಎಳೆಯುತ್ತ.